ಶಾಂತವ್ವನ ಅಡಿಗೆಮನೆಗೆ ಬಂದ ತಿರುಗಣಿ

“ಕಣ್ಣು ಮುಚ್ಚಿ ಕೈ ಚಾಚು! ಬೇಕಾದ ಡಬ್ಬಿ ತಾನs ತಿರುಗಿ ಬಂದು ನಿನ್ನ ಕೈಯಾಗ ಕುಂಡರತೈತಿ!”

ಪಾರಿಸಪ್ಪ ಹೀಗೆಂದು ಹೇಳಿದ್ದು ತನ್ನ ಹೆಂಡತಿ ಶಾಂತವ್ವನಿಗೆ. ಕೇಳಿಸಿದ್ದು ಬನಹಟ್ಟಿಯ ನಮ್ಮ ಇಡೀ ಓಣಿಗೆ. ಅವನು ಪಿಸುಗುಟ್ಟಿದರೆ ರಬಕವಿಯಲ್ಲಿ ಕಟ್ಟಿದ ಎಮ್ಮೆ ಮೇವು ಬಿಟ್ಟು ಕತ್ತೆತ್ತಿ ನೋಡುತ್ತದೆ.

ಪಾರಿಸಪ್ಪನದು ಲೇಥ್ ಅಂಗಡಿ. ಮಗ್ಗದ ಬಿಡಿಭಾಗ, ಮುಧೋಳ ಕಡೆಯ ಕಬ್ಬಿನ ಗಾಣದ ಉರುಳೆ, ಪಂಪಿನ ಶಾಫ್ಟು, ಒಟ್ಟಿನಲ್ಲಿ ತಿರುಗುವ ವಸ್ತು ಯಾವುದೇ ಕೆಟ್ಟರೂ ಅವನ ಬಾಗಿಲಿಗೆ ಬರಬೇಕು. ಅವನು ಕೂರಿಸಿದ ಬೇರಿಂಗು ಎಷ್ಟು ನುಣುಪೆಂದರೆ, ಲೋಕಾಪುರದ ರೈತನೊಬ್ಬ ಮಹಾವೀರ ಜಯಂತಿಯ ದಿನ ಗಾಣ ಬಂದ್ ಮಾಡಿ ಮನೆಗೆ ಹೋದನಂತೆ. ದೀಪಾವಳಿಗೆ ಬಂದು ನೋಡಿದರೆ ಉರುಳೆ ಇನ್ನೂ ಸಣ್ಣಗೆ ತಿರುಗುತ್ತಲೇ ಇತ್ತಂತೆ. ಇದನ್ನು ನಾನು ಕಣ್ಣಾರೆ ಕಂಡಿಲ್ಲ. ಆದರೆ ಊರಿಗೆಲ್ಲ ಹೇಳಿದವನು ನಾನೇ ಆದ್ದರಿಂದ ನಂಬಿಕೆಯಿದೆ.

ಈ ಕಥೆ ಮಾತ್ರ ಪಾರಿಸಪ್ಪನದಲ್ಲ, ಶಾಂತವ್ವನದು. ಅವನ ಸದ್ದು ಮೊದಲು ಬಂತು, ಅಷ್ಟೆ. ಆ ಮನೆಯಲ್ಲಿ ಯಾವಾಗಲೂ ಹಾಗೆಯೇ.

ಶಾಂತವ್ವ ಚಿಕ್ಕಪಡಸಲಗಿಯ ಹೆಣ್ಣು. ಸರಕಾರ ಬಂದೀತೆಂದು ಕಾಯದೆ ರೈತರೇ ಕಲ್ಲು ಹೊತ್ತು ಕೃಷ್ಣೆಗೆ ಅಡ್ಡ ಒಡ್ಡು ಕಟ್ಟಿದ ಊರು ಅದು. ಅಷ್ಟರಲ್ಲಿ ಮದುವೆಯಾಗಿ ಬನಹಟ್ಟಿಗೆ ಬಂದಿದ್ದ ಶಾಂತವ್ವ ಒಡ್ಡಿನ ಸುದ್ದಿ ಕೇಳಿ ತವರಿಗೆ ಓಡಿ, ಕಲ್ಲು ಹೊರುವವರಿಗೆ ರೊಟ್ಟಿ ಬಡಿದು ಹಾಕಿದಳು. ಆ ರೊಟ್ಟಿಗಳನ್ನು ಒಂದರ ಮೇಲೊಂದು ಒಟ್ಟಿದ್ದರೆ ಕಲ್ಲಿನ ಖರ್ಚೇ ಉಳಿಯುತ್ತಿತ್ತು. ಅಂಥ ಊರಿನವರಿಗೆ ಯಾರನ್ನೂ ಏನನ್ನೂ ಕೇಳುವ ರೂಢಿ ಇರುವುದಿಲ್ಲ. ಈ ಹೆಂಗಸಿನ ದೊಡ್ಡ ಗುಣ ಅದೇ. ಕುತ್ತು ಬಂದದ್ದೂ ಅದರಿಂದಲೇ.

ಆಕೆಯ ಅಡಿಗೆಮನೆಯನ್ನು ಒಮ್ಮೆ ನೋಡಬೇಕು. ನೋಡಬೇಕೆಂದರೆ ಹೊರಗೆ ನಿಂತೇ ನೋಡಬೇಕು, ಒಳಗೆ ಜಾಗವಿಲ್ಲ. ಅಣ್ಣತಮ್ಮಂದಿರು ಮನೆ ಹಂಚಿಕೊಂಡಾಗ ಗೌಂಡಿ ಹಿಡಿದ ದಾರ ನೇರವಾಗಿ ಅಡಿಗೆಮನೆಯ ನಡುವೆ ಹಾಯಿತು. ಅತ್ತ ಅಣ್ಣನ ಗೋಡೆ, ಇತ್ತ ಪಾರಿಸಪ್ಪನ ಗೋಡೆ, ನಡುವೆ ಶಾಂತವ್ವ. ಹಂಚಿನ ಮೇಲೆ ರೊಟ್ಟಿ ಉಬ್ಬಿದರೆ ರೊಟ್ಟಿಗೆ ದಾರಿ ಬಿಟ್ಟು ಆಕೆ ಹೊರಗೆ ಬರಬೇಕಿತ್ತು. ಒಳಗೆ ಹೋದ ಬೆಕ್ಕು ತಿರುಗಲಾಗದೆ ಹಿಂದೆ ಹಿಂದೆ ಸರಿದು ಬಾಲದ ಕಡೆಯಿಂದ ಹೊರಗೆ ಬರುತ್ತಿತ್ತು.

ಆದರೂ ಅದು ಆಕೆಯ ರಾಜ್ಯ. ಒಲೆಯ ಬಲಕ್ಕೆ ಗೋಡೆಗೆ ಒಂದು ಹಲಗೆ. ಮೊದಲು ಉಪ್ಪಿನ ಪಿಂಗಾಣಿ ಭರಣಿ. ಅದರ ಮಗ್ಗುಲಿಗೆ ಅರಿಷಿಣದ ಹಿತ್ತಾಳೆ ಡಬ್ಬಿ. ಆಮೇಲೆ ಖಾರಪುಡಿಯ ಗಾಜಿನ ಬಾಟಲಿ, ಕುತ್ತಿಗೆಯಲ್ಲಿ ಸಣ್ಣ ಸೀಳು. ಸಕ್ಕರೆಗೆ ತಗಡಿನ ಡಬ್ಬಿ, ಮುಚ್ಚಳ ತೆಗೆದರೆ ಟಕ್ ಎನ್ನುತ್ತಿತ್ತು. ಸಾಸಿವೆ, ಜೀರಿಗೆ, ಮೆಂತ್ಯ, ಎಲ್ಲಕ್ಕೂ ಅದರದರ ಠಾವು. ತಿರುಗಿ ನೋಡದೆಯೇ ಕೈ ಹೋಗುತ್ತಿತ್ತು, ಬೇಕಾದ್ದು ಬರುತ್ತಿತ್ತು.

ನೋಡದೆಯೇ ಏಕೆಂದರೆ, ಆಕೆಗೆ ಕಾಣುತ್ತಿರಲಿಲ್ಲ.

ಕಣ್ಣಿಗೆ ಪೊರೆ ಬಂದಿದ್ದರೆ ತೆಗೆಸಿಬಿಡಬಹುದಿತ್ತು. ಇದು ಕಾಚಬಿಂದು. ತಂಗಿಯ ಮನೆಗೆಂದು ಹೇಳಿ ಒಬ್ಬಳೇ ಜಮಖಂಡಿಗೆ ಹೋಗಿ ತೋರಿಸಿಕೊಂಡು ಬಂದಿದ್ದಳು. ಕಣ್ಣಿನ ನರ ಒಣಗುತ್ತಿದೆ, ಹೋದ ನೋಟ ಮತ್ತೆ ಬರುವುದಿಲ್ಲ, ತಡವಾಯಿತು ಎಂದರು ಡಾಕ್ಟರು. ಮನೆಗೆ ಬಂದು “ಚಾಳೀಸ ಬಂದೈತಂತ್ರಿ, ಚಶ್ಮಾ ಹಾಕ್ಕೋ ಅಂದಾರ” ಎಂದಳು. ಅರವತ್ತು ದಾಟಿದವಳಿಗೆ ಈಗ ಬರುವ ಚಾಳೀಸ ಯಾವುದು ಎಂದು ಪಾರಿಸಪ್ಪ ಕೇಳಲಿಲ್ಲ. ಅವನು ಆಗ ಯಾವುದೋ ಶಾಫ್ಟಿನ ಅಳತೆ ನೋಡುತ್ತಿದ್ದ. ಹನಿ ಔಷಧಿಯನ್ನು “ಕಣ್ಣು ತಂಪಿರಲಿ ಅಂತ” ಎಂದು ಹಾಕಿಕೊಂಡಳು. ದಿನ ಕಳೆದಂತೆ ಬೆಳಕು ಯಾವ ಕಡೆ, ಕತ್ತಲೆ ಯಾವ ಕಡೆ ಎನ್ನುವಷ್ಟು ಮಾತ್ರ ಉಳಿಯಿತು.

ಬೇರೆಯವರಾದರೆ ಹೇಳಿಕೊಂಡು ಅಳುತ್ತಿದ್ದರು. ಶಾಂತವ್ವ ಮುಚ್ಚಿಟ್ಟಳು. ಕಾರಣವಿತ್ತು. ನಮ್ಮ ಜೈನರ ಅಡಿಗೆಯಲ್ಲಿ ಕೈಗಿಂತ ಕಣ್ಣು ದೊಡ್ಡದು. ಬೇಳೆ ಆರಿಸಬೇಕು, ಹಿಟ್ಟು ಸಾಣಿಸಬೇಕು, ನೀರು ಸೋಸಬೇಕು, ಒಲೆಯ ಸಂದಿಯಲ್ಲಿ ಇರುವೆ ಇದ್ದೀತೇ ಎಂದು ಬಗ್ಗಿ ನೋಡಬೇಕು. ಹೊತ್ತು ಮುಳುಗಿದ ಮೇಲೆ ನಾವು ಉಣ್ಣದಿರುವುದೂ ಇದಕ್ಕೇ, ಕಾಣದ ಜೀವ ಬಾಯಿಗೆ ಹೋಗಬಾರದು ಎಂದು. ಕಣ್ಣಿಲ್ಲದವಳು ಒಲೆಯ ಮುಂದೆ ನಿಂತರೆ ಹಗಲೂ ರಾತ್ರಿಯೇ. ಗೊತ್ತಾದ ದಿನವೇ ಅಡಿಗೆಮನೆ ಹೋಗುತ್ತದೆಂದು ಆಕೆಗೆ ಗೊತ್ತಿತ್ತು. ಅದೊಂದು ಹೋದರೆ ಆ ಮನೆಯಲ್ಲಿ ಆಕೆಯದು ಅಂತ ಇನ್ನೇನಿತ್ತು?

ಹಾಗೆಂದು ಧರ್ಮಕ್ಕೆ ಮೋಸ ಮಾಡಿದವಳಲ್ಲ. ಸೊಸೆ ಸುಪ್ರೀತಾಳನ್ನು ಪಡಸಾಲೆಯ ಬೆಳಕಿಗೆ ಕೂರಿಸಿ ಮೊರ ಕೊಡುತ್ತಿದ್ದಳು.

“ಬ್ಯಾಳಿ ಆರಸು.”

“ಆರಸಿದೆರಿ ಅತ್ತಿ.”

“ಮತ್ತೊಮ್ಮೆ ಆರಸು.”

“ಈಗ ಆರಸೇನಲ್ರಿ!”

“ಆರಸಿದ್ದನ್ನ ಆರಸಿದ್ರ ಬ್ಯಾಳಿ ಸವೀತೈತೇನು? ಕುಂಡ್ರು. ಎಳೇ ಕಣ್ಣು ಅದಾವು, ದುಡೀಲಿ.”

ಸುಪ್ರೀತಾ ಮುಧೋಳದ ತವರಿಗೆ ಫೋನು ಹಚ್ಚಿ, “ಇಕಿ ಅತ್ತಿ ಅಲ್ಲವ್ವಾ, ಸಾಣಿಗಿ!” ಎಂದು ಅತ್ತದ್ದು ಓಣಿಗೆಲ್ಲ ಗೊತ್ತು. ಶಾಂತವ್ವನಿಗೆ ಬಿರುಸಿನ ಅತ್ತೆ ಎಂಬ ಹೆಸರು ಬಂತು. ಆ ಹೆಸರಿನ ಮರೆಯಲ್ಲಿ ಆಕೆ ವರ್ಷಗಟ್ಟಲೆ ಅಡಿಗೆ ಮಾಡಿದಳು. ನೋಟ ಸೊಸೆಯದು, ಕೈ ತನ್ನದು. ಒಂದು ದಿನವೂ ಸಾರು ಕೆಡಲಿಲ್ಲ, ಒಂದು ಹುಳ ಸಾಯಲಿಲ್ಲ.

ಇಂಥ ನಡೆಯುವ ಗಾಣಕ್ಕೆ ಪಾರಿಸಪ್ಪ ಕೈ ಹಾಕಿದ.

ನೀರು ಕುಡಿಯಲು ಒಳಗೆ ಹೋದಾಗೆಲ್ಲ ಆ ಹಲಗೆ ಅವನ ಹಣೆಗೆ ಬಡಿಯುತ್ತಿತ್ತು. ಬಡಿಸಿಕೊಂಡೂ ಬಡಿಸಿಕೊಂಡೂ ಅವನ ಹಣೆಯಲ್ಲಿ ಹಲಗೆಗೊಂದು ಗೂಡೇ ಆಗಿತ್ತು. ಒಂದು ದಿನ ಮೊಬೈಲಿನಲ್ಲಿ ಯಾವುದೋ ದೇಶದ ಅಡಿಗೆಮನೆ ನೋಡಿದ. ಮೂಲೆಯಲ್ಲಿ ಕಂಬ, ಕಂಬಕ್ಕೆ ತಟ್ಟೆ, ತಟ್ಟೆಯ ಮೇಲೆ ಡಬ್ಬಿ, ಬೆರಳು ತಾಕಿದರೆ ಗರಗರ. ಅವತ್ತೇ ಅಂಗಡಿಯ ನೆಲದ ಮೇಲೆ ಸೀಮೆಸುಣ್ಣದಿಂದ ಗುಂಡು ಗುಂಡು ಚಿತ್ರ ಬರೆದ. ಗಾಣದ ರೈತರು ಕಾಯ್ದರು, ಮಗ್ಗದವರು ಬೈದರು, ಅವನು ತಲೆ ಎತ್ತಲಿಲ್ಲ. ಮೊದಲ ಮಾದರಿಯನ್ನು ಜೋರಾಗಿ ತಿರುಗಿಸಿದಾಗ ಸಾಸಿವೆ ಡಬ್ಬಿ ಹಾರಿ ತೇರದಾಳದ ಕಡೆ ಹೋಯಿತು. ಆ ವರ್ಷ ಅಲ್ಲಿ ಬಿತ್ತದೆಯೇ ಸಾಸಿವೆ ಬೆಳೆಯಿತು. ಎರಡನೆಯದಕ್ಕೆ ತಟ್ಟೆಯ ಸುತ್ತ ಅಂಚು ಕಟ್ಟಿದ. ಹಳೆಯ ಮಗ್ಗದ ಶಾಫ್ಟೇ ಕಂಬ. ಕೆಳಗೊಂದು, ಮೇಲೊಂದು ಬೇರಿಂಗು. ಮೂರು ಅಂತಸ್ತು. ಜಮಖಂಡಿಯಿಂದ ಸ್ಟೀಲು ಡಬ್ಬಿ ತಂದ, ಎಲ್ಲ ಒಂದೇ ಎತ್ತರ, ಒಂದೇ ದಪ್ಪ, ಒಂದೇ ಮುಚ್ಚಳ, ಒಂದೇ ತಾಯಿಯ ಮಕ್ಕಳ ಹಾಗೆ. ಒಂದನ್ನು ಮಾತ್ರ ಅವನು ಮಾಡಲಿಲ್ಲ. ತಿರುಗುವುದನ್ನು ಹಿಡಿದು ನಿಲ್ಲಿಸುವ ಒಂದು ಗುಬಟು. ಅದು ಅವನ ತಲೆಗೆ ಹೊಳೆಯಲಿಲ್ಲ. ಅವನ ಅಂಗಡಿಗೆ ಬರುವವರೆಲ್ಲ “ತಿರುಗವಲ್ದು” ಎಂದೇ ಬರುವವರು.

ಹಲಗೆ ಕಿತ್ತ. ಭರಣಿ, ಹಿತ್ತಾಳೆ ಡಬ್ಬಿ, ಸೀಳುಬಾಟಲಿ ಎಲ್ಲ ಅಟ್ಟಕ್ಕೆ ಹೋದವು. ತಿರುಗಣಿ ಮೂಲೆಯಲ್ಲಿ ನಿಂತಿತು.

“ಮೂಲಿ ಉಳೀತು, ಹಲಗಿ ಹೋತು, ನನ್ನ ತಲಿ ಬಚಾವಾತು. ಹೆಂಗೈತಿ?”

“ಛಲೋ ಐತ್ರಿ. ಅಂಗಡ್ಯಾಗ ಇಡ್ರಿ.”

“ಅಂಗಡ್ಯಾಗ ಯಾರು ಒಗ್ಗರಣಿ ಹಾಕ್ತಾರ?”

“ಅಲ್ರಿ, ಒಮ್ಮೆ ತಿರುಗಿಸಿದ ಮ್ಯಾಲ ಉಪ್ಪು ಎಲ್ಲಿ ನಿಲ್ಲತೈತಿ?”

“ಎಲ್ಲಿ ಬೇಕಾದ್ರೂ ನಿಲ್ಲತೈತಿ. ಅದs ಮಜಾ!”

“ಇದ್ದದ್ದು ಇದ್ದಲ್ಲೇ ಇರಲಿ ಬಿಡ್ರಿ. ನನ್ನ ಕೈಗಿ ರೂಢಿ ಆಗೈತಿ.”

“ನಿನ್ನ ರೂಢಿ ಕೇಳಿದ್ರ ನಾವಿನ್ನೂ ಬೀಸೂಕಲ್ಲು ತಿರುವಿಕೋಂತ ಕುಂಡ್ರಬೇಕಾಗ್ತಿತ್ತು. ಕಣ್ಣು ಮುಚ್ಚಿ ಕೈ ಚಾಚು!”

ಉಳಿದ ಮಾತು ಮೇಲೆ ಬರೆದಿದ್ದೇನೆ. ಶಾಂತವ್ವನಿಗೆ ಕಣ್ಣು ಮುಚ್ಚುವ ತೊಂದರೆ ಇರಲಿಲ್ಲ. ಕೈ ಚಾಚಿದಳು. ಉಪ್ಪು ಬೇಕಾಗಿತ್ತು, ಮೆಂತ್ಯ ಬಂತು.

ಆ ವಾರ ಆ ಮನೆಯಲ್ಲಿ ಉಂಡವರಿಗೆ ನಾಲಿಗೆಯ ಮೇಲೆ ಲೋಕಸಂಚಾರವಾಯಿತು. ಸಾರಿನಲ್ಲಿ ಮೆಂತ್ಯ, ಹುಗ್ಗಿಯಲ್ಲಿ ಜೀರಿಗೆ. ಮುಚ್ಚಳ ತೆಗೆದು ಮೂಸಿ ನೋಡೋಣವೆಂದರೆ ಉಪ್ಪಿಗೂ ಸಕ್ಕರೆಗೂ ವಾಸನೆ ಎಲ್ಲಿಯದು? ಕೊನೆಗೆ ಆಕೆಯೇ ದಾರಿ ಕಂಡುಕೊಂಡಳು. ಬನಹಟ್ಟಿಯಲ್ಲಿ ನೂಲಿಗೆ ಬರವೇ? ಪಕ್ಕದ ಮಗ್ಗದಿಂದ ತುಂಡುನೂಲು ತಂದು ಡಬ್ಬಿಗಳ ಕೊರಳಿಗೆ ಕಟ್ಟಿದಳು. ಉಪ್ಪಿಗೆ ಒಂದು ಗಂಟು, ಸಕ್ಕರೆಗೆ ಎರಡು, ಖಾರಕ್ಕೆ ಗಂಟಿಲ್ಲದ ಜೋಡಿ ಎಳೆ, ಹೀಗೆ. ಮತ್ತೆ ಸಾರು ಸಾರಾಯಿತು.

ಪಾರಿಸಪ್ಪನ ಕಣ್ಣಿಗೆ ಮಾತ್ರ ಅದು ಚುಚ್ಚಿತು. “ಇದೇನ, ಡಬ್ಬಿಗೆಲ್ಲ ತಾಯಿತ ಕಟ್ಟೀಯಲ್ಲ?”

“ಊರ ಮಂದಿ ಎಲ್ಲಾ ನಿಮ್ಮ ತಿರುಗಣಿ ನೋಡಾಕ ಬರ್ತಾರಲ್ರಿ. ದೃಷ್ಟಿ ಆಗಬಾರ್ದಂತ.”

ಅವನು ಹಿಗ್ಗಿ ಹೀರೇಕಾಯಾದ. ಊರ ಮಂದಿ ಬರುತ್ತಿದ್ದದ್ದೂ ಖರೆ. ಬೀಳಗಿಯಿಂದ ಒಬ್ಬರು ಅಳತೆ ತೆಗೆದುಕೊಂಡು ಹೋದರು. ಬಂದವರೆಲ್ಲ ಒಮ್ಮೆ ತಿರುಗಿಸುತ್ತಿದ್ದರು. ತಿರುಗಿಸದೆ ಹೋದವರು ಓಣಿಯಲ್ಲಿ ನಾನೊಬ್ಬನೇ. ಹೊಟ್ಟೆ ಅಡ್ಡ ಬಂದು ನನಗೆ ಆ ಅಡಿಗೆಮನೆಯೊಳಗೆ ಹೋಗಲಾಗಲಿಲ್ಲ.

ಅಷ್ಟರಲ್ಲಿ ವಿಹಾರ ಮಾಡುತ್ತ ಒಬ್ಬ ದಿಗಂಬರ ಮುನಿಗಳು ತೇರದಾಳದಿಂದ ನಮ್ಮೂರಿಗೆ ಬಂದರು. ಮುನಿಗಳ ಆಹಾರವೆಂದರೆ ದಿನಕ್ಕೆ ಒಂದೇ ಸಲ, ನಿಂತು, ಅಂಗೈಯಲ್ಲಿ. ಆ ತುತ್ತಿನಲ್ಲಿ ಕೂದಲೋ ಹುಳವೋ ತಾವು ಬಿಟ್ಟ ಪದಾರ್ಥವೋ ಬಂದರೆ ಅಂತರಾಯ. ಅಲ್ಲಿಗೆ ಕೈ ಬಿಟ್ಟರು, ಮರುದಿನದವರೆಗೆ ನೀರೂ ಇಲ್ಲ. ಈ ಮುನಿಗಳು ಉಪ್ಪು ಬಿಟ್ಟವರು. ಪಾರಿಸಪ್ಪನ ಮನೆಯಲ್ಲೂ ಚೌಕೆ, ಅಂದರೆ ಮುನಿಗಳಿಗೆಂದೇ ಮಡಿಯ ಅಡಿಗೆ, ಹಚ್ಚುವುದೆಂದಾಯಿತು.

“ಉಪ್ಪಿನ ಡಬ್ಬಿ ಹೊರಗ ಇಡ್ರಿ ಇವತ್ತ” ಎಂದಳು ಶಾಂತವ್ವ.

“ಒಂದು ಡಬ್ಬಿ ತಗದ್ರ ತಿರುಗಣಿ ಹಲ್ಲು ಬಿದ್ದಂಗ ಕಾಣತೈತಿ. ಇರಲಿ. ಸಕ್ಕರಿ ಮುಂದ ಇಟ್ಟೇನಿ, ಉಪ್ಪು ಹಿಂದ. ಅಷ್ಟೂ ತಿಳೀದೇನ್ ನಿನಗ?”

ಆ ಬೆಳಿಗ್ಗೆ ಅವನು ಇನ್ನೊಂದು ಕೆಲಸ ಮಾಡಿದ. ನಾಲ್ಕು ಜನ ದೊಡ್ಡವರು ಬರುವ ದಿನ, ತಿರುಗಣಿ ಹೊಳೆಯಬೇಕು ಎಂದು ನಿಂಬೆಹುಳಿ ಹಚ್ಚಿ ತಿಕ್ಕಿದ. ತಿಕ್ಕುವಾಗ ಅಡ್ಡ ಬಂದ ನೂಲನ್ನೆಲ್ಲ ಕತ್ತರಿಸಿ ಒಗೆದ. ಹೇಳಲಿಲ್ಲ. ನೂಲು ಕತ್ತರಿಸಿದ್ದನ್ನು ಯಾರಾದರೂ ಹೆಂಡತಿಗೆ ಹೇಳುತ್ತಾರೆಯೇ?

ಹೊತ್ತು ಏರಿತು. ಪಾರಿಸಪ್ಪ, ಸುಪ್ರೀತಾ ಇಬ್ಬರೂ ಮಡಿಯುಟ್ಟು ಕಲಶ ಹಿಡಿದು ಬಾಗಿಲಲ್ಲಿ ನಿಂತರು. ನಮ್ಮ ಸಮಾಜದ ಹಿರಿಯ ಹೆಂಗಸು ತಾರವ್ವ ಸಹಾಯಕ್ಕೆ ಬಂದಿದ್ದಳು. ತಾರವ್ವನ ಸಹಾಯವೆಂದರೆ ಕೈ ಕಟ್ಟಿಕೊಂಡು ಹೊಸ್ತಿಲಲ್ಲಿ ನಿಂತು ಕತ್ತು ಮಾತ್ರ ಒಳಗೆ ಹಾಕುವುದು.

“ಏನ್ ಶಾಂತವ್ವ, ಇದs ಏನು ನಿಮ್ಮವರು ಮಾಡಿದ್ದು? ಭಾರಿ ಐತಲ್ಲ!” ಎಂದು ತೋಳು ಚಾಚಿ ತಿರುಗಣಿಗೆ ಒಂದು ಏಟು ಕೊಟ್ಟಳು. ಅದು ಸುತ್ತಿತು, ಸುತ್ತಿತು, ಪಾರಿಸಪ್ಪನ ಬೇರಿಂಗು, ಸುತ್ತುತ್ತಲೇ ಇತ್ತು. ಎಲ್ಲಿ ನಿಂತಿತೋ ದೇವರಿಗೆ ಗೊತ್ತು.

ಒಲೆಯ ಮೇಲೆ ಅಕ್ಕಿಯ ಪಾಯಸ ಕುದಿಯುತ್ತಿತ್ತು. ಸಕ್ಕರೆ ಹಾಕಬೇಕು. ಶಾಂತವ್ವ ಕೈ ಚಾಚಿದಳು. ಡಬ್ಬಿಯ ಕೊರಳು ಬೋಳು. ಮಗ್ಗುಲಿನದೂ ಬೋಳು. ಒಂದೊಂದೇ ಮುಚ್ಚಳ ತೆಗೆದು ಮುಟ್ಟಿದಳು. ಎರಡು ಡಬ್ಬಿಗಳಲ್ಲಿ ವಾಸನೆಯಿಲ್ಲದ ನುಣ್ಣನೆಯ ಪುಡಿ. ಮುನಿಗಳಿಗೆಂದು ಸಕ್ಕರೆಯನ್ನೂ ಕುಟ್ಟಿ ಪುಡಿ ಮಾಡಿದ್ದಾಗಿತ್ತು, ಮನೆಯ ಸೈಂಧವ ಉಪ್ಪೂ ಪುಡಿಯೇ. ನಾಲಿಗೆಯ ತುದಿಗೆ ಒಂದು ಚಿಟಿಕೆ ಇಟ್ಟುಕೊಂಡರೆ ತಿಳಿಯುತ್ತಿತ್ತು. ಆದರೆ ಮುನಿಗಳು ಉಣ್ಣುವ ಮೊದಲು ನಾಲಿಗೆಗೆ ತಾಕಿದರೆ ಇಡೀ ಅಡಿಗೆ ಎಂಜಲು. “ತಾರವ್ವ, ಇದರಾಗ ಸಕ್ಕರಿ ಯಾವುದು?” ಎಂದು ಕೇಳಿದರೂ ಆಗುತ್ತಿತ್ತು. ಕೇಳಿದ ಮರುಕ್ಷಣ “ಯಾಕ, ಕಾಣೂದಿಲ್ಲೇನು?” ಎನ್ನುತ್ತಿದ್ದಳು ತಾರವ್ವ. ಅಲ್ಲಿಗೆ ಒಲೆ ಹೋಯಿತು.

ಹೊರಗೆ “ನಮೋಸ್ತು, ನಮೋಸ್ತು” ಕೇಳಿಸಿತು. ಮುನಿಗಳು ಬಂದರು. ಶಾಂತವ್ವ ಒಂದು ಡಬ್ಬಿ ಎತ್ತಿ ಸುರಿದಳು.

ಮೊದಲ ಅಂಜಲಿ ಪಾಯಸಕ್ಕೇ ಮುನಿಗಳ ಕೈ ನಿಂತಿತು. ಬೆರಳು ಬಿಡಿಸಿದರು, ಕೆಳಗೆ ಕುಳಿತರು. ಏಪ್ರಿಲ್ ತಿಂಗಳ ಬಿಸಿಲು, ಅಷ್ಟು ದೂರ ನಡೆದು ಬಂದ ಹಿರಿಯ ಜೀವ, ಒಂದು ಗುಟುಕು ನೀರೂ ಒಳಗೆ ಹೋಗಿರಲಿಲ್ಲ. ಯಾರನ್ನೂ ಬೈಯಲಿಲ್ಲ. ಕೈ ಎತ್ತಿ ಹರಸಿ ಹೊರಟುಹೋದರು. ಬೈದಿದ್ದರೆ ಮನೆಯವರಿಗೆ ಅಷ್ಟಾದರೂ ಹಗುರಾಗುತ್ತಿತ್ತು.

ಆಮೇಲೆ ತಾರವ್ವ ಪಡಸಾಲೆಯ ನಡುವೆ ಶಾಂತವ್ವನನ್ನು ನಿಲ್ಲಿಸಿ ಕೈ ಮುಂದೆ ಹಿಡಿದಳು. “ಇವು ಎಷ್ಟು ಬೆರಳು, ಹೇಳು.”

“ನಿನ್ನ ಬೆರಳು ಎಣಸಾಕ ನಾ ಹುಟ್ಟಿಲ್ಲ.”

“ಎಣಸಬ್ಯಾಡ. ಎಷ್ಟಂತ ಹೇಳು ಸಾಕು.”

ಶಾಂತವ್ವ ಹೇಳಲಿಲ್ಲ. ಪಡಸಾಲೆಗೆಲ್ಲ ತಿಳಿಯಿತು.

“ಅಯ್ಯಯ್ಯ! ಕಾಣಲಾರದ ಕೈಲೆ ಇಷ್ಟ ದಿನ ಏನೇನ್ ತಿನ್ನಿಸ್ಯಾಳೋ, ಎಷ್ಟ್ ಜೀವ ಕುದಿಸ್ಯಾಳೋ!”

ಸುಪ್ರೀತಾ ಸಣ್ಣ ದನಿಯಲ್ಲಿ ಅಂದಳು: “ಬ್ಯಾಳಿ, ಹಿಟ್ಟು ಎಲ್ಲಾ ನಾನs ಆರಸ್ತಿದ್ನಿರಿ. ಎರಡೆರಡು ಸಲ ಆರಸಸ್ತಿದ್ರು.”

“ನೀನs ಆರಸ್ತಿದ್ದಿ ಅಂದ್ಮ್ಯಾಲ ಇನ್ನ ನೀನs ಮಾಡವಾ. ಮುಗೀತಲ್ಲ?”

ಎರಡೆರಡು ಸಲ ಬೇಳೆ ಆರಿಸಿದ ಹುಡುಗಿ ಆ ಮಾತನ್ನು ಮಾತ್ರ ಎರಡನೆಯ ಸಲ ಆಡಲಿಲ್ಲ. ಆಡಿದರೆ ಅಡಿಗೆಮನೆ ಕೈತಪ್ಪೀತು ಎಂದೋ, ಹಿರಿಯರ ಮುಂದೆ ಬಾಯಿ ಬರಲಿಲ್ಲವೋ. ಒಳ್ಳೆಯ ಹುಡುಗಿಯೇ. ಒಳ್ಳೆಯವರು ಸುಮ್ಮನಿದ್ದಾಗಲೇ ಇಂಥವು ಸಲೀಸಾಗಿ ನಡೆಯುವುದು.

ಶಾಂತವ್ವನಿಗೆ ಪಡಸಾಲೆಯಲ್ಲಿ ಒಂದು ಪ್ಲಾಸ್ಟಿಕ್ ಖುರ್ಚಿ ಬಂತು. ಬಂದುಹೋದವರೆಲ್ಲ “ಪುಣ್ಯವಂತಿ ಬಿಡು, ಕುಂತಲ್ಲೇ ಊಟ” ಎಂದರು. ಮಗ ಸಿದ್ಧಾಂತ, ಬಾಡಗಂಡಿ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿಯ ಕೆಲಸದವನು. “ಮಗ ಸಕ್ಕರಿ ಮಾಡ್ತಾನ, ಅವ್ವ ಉಪ್ಪು ನೀಡ್ತಾಳ” ಎಂದು ಓಣಿ ಗಾದೆ ಕಟ್ಟಿ ಅವನ ಕಿವಿಗೂ ಮುಟ್ಟಿಸಿತು. ಅವನು ಅವ್ವನ ಖುರ್ಚಿಯ ಮುಂದೆ ಬೂಟು ಬಿಚ್ಚುತ್ತಾನೆ, ನೇರ ಒಳಗೆ ಹೋಗಿ ಮಲಗುತ್ತಾನೆ. ಸುಪ್ರೀತಾಳ ಅಡಿಗೆ ಕೆಟ್ಟದ್ದೇನಲ್ಲ. ಬೇಳೆಯನ್ನು ಮಾತ್ರ ಈಗ ಒಂದೇ ಸಲ ಆರಿಸುತ್ತಾರೆ. ಉಣ್ಣುವಾಗ ಎಲ್ಲೋ ಒಂದು ಹರಳು ಕಟುಮ್ ಎಂದರೆ ಶಾಂತವ್ವ ಅದನ್ನು ಬೆರಳಿನಿಂದ ತೆಗೆದು ತಟ್ಟೆಯ ಅಂಚಿಗೆ ಇಡುತ್ತಾಳೆ.

ಪಾರಿಸಪ್ಪ ಕೆಟ್ಟ ಮನುಷ್ಯನಲ್ಲ. ತಪ್ಪಾಯಿತು ಎನ್ನುವ ಮಾತು ಅವನ ಬಾಯಿಗೆ ಒಗ್ಗುವುದಿಲ್ಲ, ಕೈಗೆ ಒಗ್ಗುತ್ತದೆ. ಮೊನ್ನೆ ಬೆಳಿಗ್ಗೆ ತಿರುಗಣಿಯನ್ನು ಕಿತ್ತು ಅಂಗಡಿಗೆ ಹೊತ್ತೊಯ್ದು, ಬೇರಿಂಗು ಎರಡಕ್ಕೂ ವೆಲ್ಡಿಂಗ್ ಹೊಡೆದು ತಂದ. ಜೀವಮಾನದಲ್ಲಿ ಮೊದಲ ಸಲ ಒಂದು ವಸ್ತು ತಿರುಗದಂತೆ ಮಾಡಿದ್ದ. ಅದರಲ್ಲೂ ಅವನಿಗೆ ಜಂಬ.

“ನೋಡಿಲ್ಲಿ! ಆನಿ ಬಂದು ಜಗ್ಗಿದ್ರೂ ಅಳ್ಳಾಡೂದಿಲ್ಲ. ಉಪ್ಪು ಇಟ್ಟಲ್ಲೇ ಉಪ್ಪು. ಏಳು, ಒಲಿ ಮುಂದ ನಿಂದ್ರು.”

“ಒಲಿ ಈಗ ನಂದಲ್ರಿ” ಎಂದಳು ಶಾಂತವ್ವ ಖುರ್ಚಿಯಿಂದ.

“ಆಂ?”

“ಒಲಿ ನಂದಲ್ಲ ಅಂದೆ.”

“ಜೋರಾಗಿ ಹೇಳು!”

ಲೇಥಿನ ಸದ್ದು ತಿಂದು ತಿಂದು ಪಾರಿಸಪ್ಪನ ಕಿವಿ ಎಂದೋ ಹೋಗಿವೆ. ಎದುರಿಗೆ ನಿಂತು ಆಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಾನೆ, ದೂರದಿಂದ ಆಡಿದರೆ ಇಲ್ಲ. ಗಿರಾಕಿಗಳು ಅಳತೆಯನ್ನು ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದು ತೋರಿಸುತ್ತಾರೆ. ಬರೆಯದವರಿಗೆ ತಪ್ಪು ಅಳತೆಯ ಶಾಫ್ಟು ಸಿಗುತ್ತದೆ. ನಕ್ಕು ಮತ್ತೊಮ್ಮೆ ಮಾಡಿಸಿಕೊಂಡು ಹೋಗುತ್ತಾರೆ. ಇದನ್ನು ನಾನು ಇಷ್ಟು ಹೊತ್ತು ಹೇಳಲಿಲ್ಲ, ಏಕೆಂದರೆ ನಮ್ಮೂರಿನಲ್ಲಿ ಇದೊಂದು ಸುದ್ದಿಯೇ ಅಲ್ಲ.

ಉತ್ತರಕ್ಕೆ ಕಾಯದೆ ಅವನೇ ಮುಂದುವರಿಸಿದ: “ನನ್ನ ಮ್ಯಾಲ ಯಾಕ ಸಿಟ್ಟು? ಕಾಣಲಾರದಾಕಿ ಕೈಗಿ ಒಲಿ ಕೊಡಬ್ಯಾಡ್ರಿ ಅಂತ ಮಂದಿ ಅಂದ್ರು. ಮಂದಿ ಮಾತು ಖರೆ ಐತಲ್ಲ? ನಾ ಏನ್ ಮಾಡ್ಲಿ?”

ಶಾಂತವ್ವ ಎದ್ದಳು. ಗೋಡೆ ಹಿಡಿಯದೆ ನೇರ ನಡೆದು ಅವನ ಹತ್ತಿರ ಬಂದು, ಕಿವಿಗೆ ಬಾಯಿಟ್ಟು, ನಮ್ಮ ಓಣಿಯೇನು, ರಬಕವಿಯ ಎಮ್ಮೆಗೂ ಕೇಳಿಸುವ ಹಾಗೆ ಕೂಗಿದಳು:

“ನಿಮಗ ಕಿವಿ ಹೋಗಿ ಹತ್ತು ವರ್ಷಾತು. ನಿಮ್ಮ ಲೇಥಿನ ಚಾವಿ ಯಾರ್ ಕಸಗೊಂಡಾರ?”